ಮೂರು ಮಿಲಿಮೀಟರ್ ಒಸಡಿನ ಲೆಕ್ಕ

ನಮ್ಮ ಅಪ್ಪನಿಗೆ ಅರವತ್ತು ತುಂಬುವ ಹೊತ್ತಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆಯನ್ನು ಹಿತ್ತಾಳೆಯ ಕುಟ್ಟಾಣಿಗೆ ಹಾಕಿ ಕುಟ್ಟಿಕೊಳ್ಳುತ್ತಿದ್ದರು. ನಾನು ಬಿ.ಕಾಂ. ಪರೀಕ್ಷೆಗೆ ಓದಿದ್ದು ಆ ಟಕ್ ಟಕ್ ಸದ್ದಿನ ನಡುವೆಯೇ. ಅವರು ಕೋಡುಬಳೆಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ನೋಡಿದಾಗಲೆಲ್ಲ, ನನಗೆ ಮಾತ್ರ ಈ ಗತಿ ಬರಬಾರದು ಅಂದುಕೊಳ್ಳುತ್ತಿದ್ದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಹಲ್ಲುಜ್ಜುವುದನ್ನು ವ್ರತದಂತೆ ಹಿಡಿದೆ. ಅಂಗಡಿಯಲ್ಲಿ ಸಿಗುವ ಎಲ್ಲಕ್ಕಿಂತ ಗಟ್ಟಿ ಬ್ರಷ್ಷೇ ಆಗಬೇಕು. ದಿನಕ್ಕೆ ಎರಡು ಸಲ, ತಳ ಹಿಡಿದ ಪಾತ್ರೆ ಉಜ್ಜುವ ಹಾಗೆ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಹೊಸ ಬ್ರಷ್ಷಿನ ಎಳೆಗಳು ಒಂದೇ ತಿಂಗಳಿಗೆ ಕೆದರಿ ನಿಲ್ಲುತ್ತಿದ್ದವು. ಅದು ನನ್ನ ಶಿಸ್ತಿಗೆ ಸಾಕ್ಷಿ ಎಂದೇ ತಿಳಿದಿದ್ದೆ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ನಮ್ಮ ದಾವಣಗೆರೆಯ ಮನೆಗೆ ಬಂದಿದ್ದ ಏಳು ವರ್ಷದ ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: "ಅಜ್ಜ, ನಿಂದು ಈ ಹಲ್ಲು ಮಾತ್ರ ಯಾಕೆ ಇಷ್ಟು ಉದ್ದ?"

ಕನ್ನಡಿಯ ಮುಂದೆ ತುಟಿ ಎತ್ತಿ ನೋಡಿಕೊಂಡೆ. ಮೇಲಿನ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲುಗಳಿಗಿಂತ ಉದ್ದ ಕಾಣುತ್ತಿತ್ತು. ಒಸಡಿನ ಹತ್ತಿರ ಹಳದಿ ಬಣ್ಣದ ಪಟ್ಟಿ. ಮಡಕೆಯ ನೀರು ಕುಡಿದರೆ ಜುಮ್ ಎನ್ನುತ್ತಿದ್ದುದು ಅದೇ ಹಲ್ಲು. ಎಪ್ಪತ್ತು ದಾಟಿದವನ ಹಲ್ಲು ಬೆಳೆಯುವುದುಂಟೇ? ಬೆಳೆದದ್ದು ಹಲ್ಲಲ್ಲ, ಜಾರಿದ್ದು ಒಸಡು.

ಬ್ರಷ್ ಮಾಡಿದ ಸಾಲ

ದಂತ ಕಾಲೇಜಿನ ಒಸಡಿನ ವಿಭಾಗದಲ್ಲಿ ನನ್ನನ್ನು ನೋಡಿದ ವೈದ್ಯೆಗೆ ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ಬಾಯಿ ನೋಡಿದ ತಕ್ಷಣ, "ಸರ್, ನೀವು ಬಲಗೈಯವರು ಅಲ್ಲವೇ?" ಎಂದರು. ಹೌದು, ಹೇಗೆ ಗೊತ್ತಾಯಿತು ಎಂದೆ. ಬಲಗೈಯಲ್ಲಿ ಬ್ರಷ್ ಹಿಡಿಯುವವರಿಗೆ ಸಾಮಾನ್ಯವಾಗಿ ಎಡಗಡೆಯ ಹಲ್ಲುಗಳ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ. ಕೋರೆಹಲ್ಲು ಬಾಯಿಯ ಮೂಲೆಯಲ್ಲಿ ಉಬ್ಬಿಕೊಂಡಿರುವುದರಿಂದ ಮೊದಲ ಏಟು ಅದಕ್ಕೇ ಎಂದು ವಿವರಿಸಿದರು.

ಹಲ್ಲಿನ ಹೊರಗೆ ಕಾಣುವ ಭಾಗಕ್ಕೆ ಎನಾಮೆಲ್ ಎಂಬ ಗಟ್ಟಿ ಕವಚವಿದೆ. ಬೇರಿಗೆ ಅದಿಲ್ಲ. ಬೇರಿನ ರಕ್ಷಣೆ ಒಸಡಿನದು ಮತ್ತು ಒಸಡಿನ ಕೆಳಗಿನ ಮೂಳೆಯದು. ಒಸಡು ಹಿಂದೆ ಸರಿದರೆ ಬೇರು ಬಯಲಾಗುತ್ತದೆ. ಬೇರಿನಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮ ನಳಿಕೆಗಳ ಮೂಲಕ ತಂಪು, ಹುಳಿ, ಸಿಹಿ ಎಲ್ಲವೂ ನೇರವಾಗಿ ನರಕ್ಕೆ ಮುಟ್ಟುತ್ತವೆ. ಜುಮ್ ಎನ್ನುವುದು ಅದಕ್ಕೇ. ಬಯಲಾದ ಬೇರು ಬೇಗ ಸವೆಯುತ್ತದೆ, ಬೇಗ ಹುಳುಕು ಹಿಡಿಯುತ್ತದೆ.

ಗಟ್ಟಿ ಬ್ರಷ್ ಒಂದೇ ಕಾರಣವಲ್ಲ. ಪಾಚಿ ಕಟ್ಟಿ ಒಸಡು ಊದಿ ಮೂಳೆ ಕರಗುವ ಕಾಯಿಲೆ, ಹುಟ್ಟಿನಿಂದಲೇ ತೆಳುವಾದ ಒಸಡು, ಸಾಲು ತಪ್ಪಿ ಹೊರಗೆ ಚಾಚಿದ ಹಲ್ಲು, ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುವ ಚಟ, ಇವೆಲ್ಲವೂ ಒಸಡನ್ನು ಜಾರಿಸುತ್ತವೆ. ನನ್ನ ಅಪ್ಪನ ಹಲ್ಲುಗಳನ್ನು ಹೊಗೆಸೊಪ್ಪು ಮತ್ತು ಪಾಚಿ ತಿಂದವು. ಅದಕ್ಕೆ ಹೆದರಿ ನಾನು ಹಿಡಿದ ಬ್ರಷ್ ನನ್ನ ಒಸಡನ್ನು ತಿಂದಿತು.

ವೈದ್ಯೆ ಗೆರೆ ಹಾಕಿದ ತೆಳು ಕಡ್ಡಿಯಿಂದ ಅಳೆದು ನೋಡಿ ಹೇಳಿದರು: ಮೂರು ಮಿಲಿಮೀಟರ್. ಒಮ್ಮೆ ಜಾರಿದ ಒಸಡು ಗಾಯ ಮಾಯುವ ಹಾಗೆ ತಾನಾಗಿ ಮೇಲೆ ಬಂದು ಬೇರನ್ನು ಮುಚ್ಚುವುದಿಲ್ಲ.

ಹೊಲಿಗೆಗೆ ಮೊದಲಿನ ಪ್ರಶ್ನೆ

ಹಾಗಾದರೆ ಆಪರೇಷನ್ ಮಾಡಿಬಿಡಿ ಎಂದೆ. ಅವರು ನಕ್ಕರು. ಒಸಡು ಜಾರಿದ ಎಲ್ಲರಿಗೂ ಆಪರೇಷನ್ ಬೇಕಿಲ್ಲವಂತೆ. ಜಾರುವುದು ನಿಂತಿದ್ದು, ನೋವಿಲ್ಲದೆ, ನೋಟದ ಚಿಂತೆಯೂ ಇಲ್ಲದಿದ್ದರೆ ಆಗಾಗ ಅಳೆದು ನೋಡುತ್ತಿದ್ದರೆ ಸಾಕು. ಬರೀ ಜುಮ್ ಎನ್ನುವುದಾದರೆ ಅದಕ್ಕೆಂದೇ ಇರುವ ಪೇಸ್ಟು, ಫ್ಲೋರೈಡ್ ಲೇಪಗಳಿವೆ. ಜಾರುವುದು ಮುಂದುವರಿಯುತ್ತಿದ್ದರೆ, ನೋವಿನಿಂದ ಸರಿಯಾಗಿ ಉಜ್ಜಲಾಗದಿದ್ದರೆ, ಬೇರು ಸವೆಯುತ್ತಿದ್ದರೆ, ಆಗ ಹೊಲಿಗೆಯ ಮಾತು. ನನ್ನ ಕೋರೆಹಲ್ಲಿನ ಬೇರಿನಲ್ಲಿ ಆಗಲೇ ಸಣ್ಣ ಕಚ್ಚು ಬಿದ್ದಿತ್ತು.

ನನಗೆ ಇನ್ನೊಂದು ಹಲ್ಲಿನ ಒಸಡೂ ಜಾರಿತ್ತು, ಕೆಳಗಿನ ಮುಂದಿನ ಸಾಲಿನಲ್ಲಿ. ಅದನ್ನೂ ಮುಚ್ಚಿ ಎಂದರೆ ವೈದ್ಯೆ ತಲೆಯಾಡಿಸಿ ಎಕ್ಸ್‌ರೇ ತೋರಿಸಿದರು. ಎರಡು ಹಲ್ಲುಗಳ ನಡುವಿನ ಮೂಳೆ ಗದ್ದೆಯ ಬದು ಇದ್ದ ಹಾಗೆ. ಎರಡೂ ಪಕ್ಕದ ಬದು ಗಟ್ಟಿಯಾಗಿದ್ದರೆ ನೀರು ಆ ಮಟ್ಟಕ್ಕೆ ನಿಲ್ಲುತ್ತದೆ. ಬದುವೇ ಕುಸಿದಿದ್ದರೆ ಎಷ್ಟು ನೀರು ಹಾಯಿಸಿದರೂ ಮಟ್ಟ ಏರುವುದಿಲ್ಲ. ಅಮೆರಿಕದ ಮಿಲ್ಲರ್ ಎಂಬ ದಂತವೈದ್ಯರು 1985ರಲ್ಲಿ ಇದೇ ಆಧಾರದ ಮೇಲೆ ಒಸಡಿನ ಜಾರುವಿಕೆಯನ್ನು ನಾಲ್ಕು ದರ್ಜೆ ಮಾಡಿದರು. ಮೊದಲ ಎರಡು ದರ್ಜೆಗಳಲ್ಲಿ ಬೇರನ್ನು ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು, ಮೂರನೆಯದರಲ್ಲಿ ಸ್ವಲ್ಪ ಮಾತ್ರ, ನಾಲ್ಕನೆಯದರಲ್ಲಿ ಇಲ್ಲ. ನನ್ನ ಕೋರೆಹಲ್ಲು ಮೊದಲನೆಯ ದರ್ಜೆ. ಕೆಳಗಿನ ಹಲ್ಲು ನಾಲ್ಕನೆಯದು.

"ಅದಕ್ಕೆ ಯಾವ ಮೈಕ್ರೋಸ್ಕೋಪ್ ಇಟ್ಟರೂ ಅಷ್ಟೇ ಸರ್. ಇರುವಷ್ಟನ್ನು ಕಾಪಾಡಿಕೊಳ್ಳೋಣ," ಎಂದರು. ಮೈಕ್ರೋಸ್ಕೋಪಿನ ಮಾತು ನಾನು ಮೊದಲು ಕೇಳಿದ್ದು ಆಗಲೇ.

ಹಳೆಯ ಪದ್ಧತಿ

ನನ್ನ ಜೊತೆ ಕ್ಯಾಷಿಯರ್ ಆಗಿದ್ದ ಗೆಳೆಯನಿಗೆ ಹನ್ನೆರಡು ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ಅವನಿಗೆ ಯಾವ ಮೈಕ್ರೋಸ್ಕೋಪೂ ಇರಲಿಲ್ಲ. ವೈದ್ಯರು ಬರಿಗಣ್ಣಿನಲ್ಲಿ, ದೀಪದ ಬೆಳಕಿನಲ್ಲಿ ಮಾಡಿದ್ದರು. ಇಂದಿಗೂ ಅವನ ಒಸಡು ಹೊಲಿದ ಜಾಗದಲ್ಲೇ ನಿಂತಿದೆ.

ಈ ಹಳೆಯ ಪದ್ಧತಿಗೂ ಒಳ್ಳೆಯ ಇತಿಹಾಸವಿದೆ. ಪಕ್ಕದ ಹಲ್ಲಿನ ಒಸಡನ್ನೇ ಸರಿಸಿ ಬೇರಿನ ಮೇಲೆ ಹೊದಿಸುವ ಕ್ರಮವನ್ನು ಅಮೆರಿಕದ ಗ್ರೂಪ್ ಮತ್ತು ವಾರೆನ್ 1956ರಲ್ಲಿ ಪ್ರಕಟಿಸಿದರು. ಅಂಗುಳಿನ ಒಳಪದರದಿಂದ ತೆಳುವಾದ ಅಂಗಾಂಶದ ಚೂರು ತೆಗೆದು, ಬೇರಿನ ಮೇಲಿಟ್ಟು, ಅದರ ಮೇಲೆ ಒಸಡನ್ನು ಎಳೆದು ಹೊಲಿಯುವ ಕ್ರಮವನ್ನು 1985ರಲ್ಲಿ ಲ್ಯಾಂಗರ್ ಮತ್ತು ಲ್ಯಾಂಗರ್ ಹೆಸರಿನ ಲೇಖನ ಜಗತ್ತಿಗೆ ಪರಿಚಯಿಸಿತು. ಇಂದಿಗೂ ಈ ಕ್ರಮಕ್ಕೆ ತುಂಬ ಮರ್ಯಾದೆ ಇದೆ. ಹರಿದ ಅಂಗಿಗೆ ಒಳಗಿನಿಂದ ತೇಪೆ ಕೊಟ್ಟು ಮೇಲಿನ ಬಟ್ಟೆ ಎಳೆದು ಹೊಲಿದಂತೆ.

ಆದರೆ ಈ ತೇಪೆ ಜೀವಂತ ತೇಪೆ. ಅದಕ್ಕೆ ರಕ್ತ ಬೇಕು. ಬಯಲಾದ ಬೇರಿನ ಮೇಲ್ಮೈಯಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ಮೊದಲ ಕೆಲವು ದಿನ ಆ ಚೂರು ಸುತ್ತಲಿನ ಒಸಡಿನಿಂದ ಒಸರುವ ದ್ರವದಲ್ಲೇ ಉಪವಾಸ ಕಳೆಯಬೇಕು. ಅಷ್ಟರಲ್ಲಿ ಅಕ್ಕಪಕ್ಕದಿಂದ ಹೊಸ ರಕ್ತನಾಳಗಳು ಬಂದು ಕೂಡಿಕೊಂಡರೆ ಚೂರು ಬದುಕುತ್ತದೆ. ಅಂಚು ಜಜ್ಜಿದ್ದರೆ, ಹೊಲಿಗೆ ಬಿಗಿಯಾಗಿ ಎಳೆದಿದ್ದರೆ, ಅಂಚಿಗೆ ಅಂಚು ಕೂಡದಿದ್ದರೆ ನಾಳಗಳು ತಡವಾಗಿ ಬರುತ್ತವೆ. ಇಡೀ ಆಪರೇಷನ್ನಿನ ಗುಟ್ಟು ಇದೇ. ಎರಡು ಪದ್ಧತಿಗಳ ಜಗಳ ಇರುವುದೂ ಇಲ್ಲೇ.

ಭೂತಗನ್ನಡಿ ಬಂದದ್ದು

ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಕಾರ್ಡಿನ ಜೊತೆ ಹೋಲಿಸಿ ನೋಡುವುದು ಎಷ್ಟೋ ವರ್ಷ ನನ್ನ ಕೆಲಸವಾಗಿತ್ತು. ಅನುಮಾನ ಬಂದರೆ ಭೂತಗನ್ನಡಿ ತೆಗೆಯುತ್ತಿದ್ದೆ. ಬರಿಗಣ್ಣಿಗೆ ಒಂದೇ ಗೆರೆಯಂತೆ ಕಂಡದ್ದು ಗಾಜಿನ ಕೆಳಗೆ ನಡುಗಿದ ಕೈಯ ಎರಡು ಗೆರೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಸಹಿ ಬದಲಾಗಿಲ್ಲ, ನೋಟ ಬದಲಾಗಿದೆ, ಅಷ್ಟೇ.

ಆಪರೇಷನ್ನಿಗೆ ಮೈಕ್ರೋಸ್ಕೋಪನ್ನು ಮೊದಲು ತಂದವರು ಸ್ವೀಡನ್ನಿನ ಸ್ಟಾಕ್‌ಹೋಮಿನ ಕಿವಿಯ ವೈದ್ಯ ಕಾರ್ಲ್ ನೈಲೆನ್, 1921ರಲ್ಲಿ. 1960ರಲ್ಲಿ ಅಮೆರಿಕದ ಜೇಕಬ್ಸನ್ ಮತ್ತು ಸುವಾರೆಜ್ ಒಂದೆರಡು ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಹೊಲಿದು ತೋರಿಸಿದರು. ಒಸಡಿನ ಕೆಲಸಕ್ಕೆ ಅದನ್ನು ಒಗ್ಗಿಸಿ 1990ರ ದಶಕದಲ್ಲಿ ಪ್ರಚಾರ ಮಾಡಿದವರು ಅಮೆರಿಕದವರೇ ಆದ ಶಾನೆಲೆಕ್ ಮತ್ತು ಟಿಬೆಟ್ಸ್.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ಸೂಕ್ಷ್ಮ ಶಸ್ತ್ರಚಿಕಿತ್ಸೆ ಎಂದರೆ ಬೇರೆ ಚಿಕಿತ್ಸೆಯಲ್ಲ. ಅದೇ ಅರಿವಳಿಕೆ, ಅದೇ ಅಂಗುಳಿನ ಚೂರು, ಅದೇ ಹೊದಿಕೆ. ಬದಲಾಗುವುದು ಕಣ್ಣು, ಕತ್ತಿ, ದಾರ. ವೈದ್ಯರು ಕನ್ನಡಕಕ್ಕೆ ಕೂರಿಸಿದ ಪುಟ್ಟ ದುರ್ಬೀನು ಹಾಕಿಕೊಂಡರೆ ಎರಡೂವರೆಯಿಂದ ನಾಲ್ಕೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದು ಇಪ್ಪತ್ತು ಪಟ್ಟಿನವರೆಗೂ ಹೋಗಬಹುದು. ಸಾಮಾನ್ಯ ಪದ್ಧತಿಯಲ್ಲಿ 4-0, 5-0 ಅಂಕಿಯ ದಾರ ಬಳಸುತ್ತಾರೆ. ಸೂಕ್ಷ್ಮ ಪದ್ಧತಿಯಲ್ಲಿ 6-0ರಿಂದ 8-0. ಮುಂದಿನ ಅಂಕಿ ದೊಡ್ಡದಾದಷ್ಟೂ ದಾರ ತೆಳು. 5-0 ದಾರ ಹೆಚ್ಚುಕಡಿಮೆ ಒಂದು ನೋಟಿನ ಹಾಳೆಯಷ್ಟು ದಪ್ಪ. 7-0 ಅದರ ಅರ್ಧದಷ್ಟು. ಇಂಥ ದಾರವನ್ನು ಜೋರಾಗಿ ಎಳೆದರೆ ದಾರವೇ ತುಂಡಾಗುತ್ತದೆ, ಒಸಡು ಹರಿಯುವುದಿಲ್ಲ. ಅದೂ ಒಂದು ಅನುಕೂಲ.

ಅಂಕಿಗಳು ಏನು ಹೇಳುತ್ತವೆ?

ಇಷ್ಟು ಖರ್ಚು ಮಾಡಿ ಬರುವ ಲಾಭವೆಷ್ಟು ಎಂದು ಗುಮಾಸ್ತನ ಬುದ್ಧಿಗೆ ಕೇಳದೆ ಇರಲಾಗಲಿಲ್ಲ. ವೈದ್ಯೆ ಬೇಸರಪಡದೆ ಎರಡು ಅಧ್ಯಯನಗಳನ್ನು ವಿವರಿಸಿದರು.

ಮೊದಲನೆಯದು ಸ್ವಿಟ್ಜರ್ಲೆಂಡಿನ ಬುರ್ಕ್‌ಹಾರ್ಟ್ ಮತ್ತು ಲ್ಯಾಂಗ್ 2005ರಲ್ಲಿ ಪ್ರಕಟಿಸಿದ್ದು. ಎರಡೂ ಮೇಲಿನ ಕೋರೆಹಲ್ಲುಗಳ ಒಸಡು ಜಾರಿದ್ದ ಹತ್ತು ಜನರನ್ನು ಆರಿಸಿ, ಒಂದು ಕಡೆ ಸೂಕ್ಷ್ಮ ಪದ್ಧತಿ, ಇನ್ನೊಂದು ಕಡೆ ಸಾಮಾನ್ಯ ಪದ್ಧತಿ ಮಾಡಿದರು. ಯಾವ ಕಡೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂದೇ ಬಾಯಿ, ಒಂದೇ ರಕ್ತ, ಆದ್ದರಿಂದ ಹೋಲಿಕೆ ನ್ಯಾಯವಾದದ್ದು. ಹೊಳೆಯುವ ಬಣ್ಣವನ್ನು ರಕ್ತಕ್ಕೆ ಸೇರಿಸಿ ಹೊಸ ಜಾಗಕ್ಕೆ ರಕ್ತ ಎಷ್ಟು ಬಂದಿದೆ ಎಂದು ಅಳೆದರು. ಏಳನೆಯ ದಿನ ಸೂಕ್ಷ್ಮ ಪದ್ಧತಿಯ ಕಡೆ ಸುಮಾರು ಶೇ. 85, ಸಾಮಾನ್ಯ ಪದ್ಧತಿಯ ಕಡೆ ಶೇ. 64. ಒಂದು ವರ್ಷದ ನಂತರ ಬೇರು ಮುಚ್ಚಿದ್ದು ಶೇ. 98 ಮತ್ತು ಶೇ. 90.

ನಾನು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ನನ್ನದು ಮೂರು ಮಿಲಿಮೀಟರ್. ಅದರಲ್ಲಿ ಶೇ. 8 ಎಂದರೆ ಕಾಲು ಮಿಲಿಮೀಟರ್! "ಕಾಲು ಮಿಲಿಮೀಟರಿಗೆ ಇಷ್ಟೆಲ್ಲ ಬೇಕೇ ಮೇಡಂ?" ಎಂದೆ.

ಅದಕ್ಕೆ ಎರಡನೆಯ ಅಧ್ಯಯನ ಉತ್ತರ ಕೊಟ್ಟಿತು. ಬ್ರೆಜಿಲ್ಲಿನ ತಜ್ಞರು 24 ಜನರಲ್ಲಿ ಇದೇ ರೀತಿ ಎರಡು ಕಡೆ ಎರಡು ಪದ್ಧತಿ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ ಅಂತರ ಅಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬೇರು ಪೂರ್ತಿ ಮುಚ್ಚಿದ್ದು ಎಷ್ಟು ಕಡೆ ಎಂದು ನೋಡಿದರೆ ಮೈಕ್ರೋಸ್ಕೋಪಿನಲ್ಲಿ ಶೇ. 87.5, ಬರಿಗಣ್ಣಿನಲ್ಲಿ ಶೇ. 58.3. ಅಂದರೆ 24ರಲ್ಲಿ 21 ಮತ್ತು 14. ಸರಾಸರಿಯಲ್ಲಿ ಅಡಗಿಕೊಂಡಿದ್ದ ಏಳು ಜನ ಇಲ್ಲಿ ಹೊರಗೆ ಬಂದರು. ದಿನದ ಕೊನೆಗೆ ಹತ್ತು ಪೈಸೆ ವ್ಯತ್ಯಾಸವಿದ್ದರೂ ಲೆಡ್ಜರು ಕೂಡಿಬರಲಿಲ್ಲ ಎಂದೇ ಅರ್ಥ. ಅದು ನನಗೆ ಚೆನ್ನಾಗಿ ಗೊತ್ತು.

ಹಾಗೆಂದು ಎಲ್ಲ ಅಧ್ಯಯನಗಳೂ ಇಷ್ಟೇ ಅಂತರ ತೋರಿಸಿಲ್ಲ. ಕೆಲವದರಲ್ಲಿ ಎರಡು ಪದ್ಧತಿಗಳೂ ಹೆಚ್ಚುಕಡಿಮೆ ಸಮ. ಮೈಕ್ರೋಸ್ಕೋಪ್ ನೋಡಲು ಕಲಿಸುವುದಿಲ್ಲ, ತೋರಿಸುತ್ತದೆ ಅಷ್ಟೇ. ಪಳಗಿದ ಕೈ ಇಲ್ಲದಿದ್ದರೆ ದೊಡ್ಡದಾಗಿ ಕಂಡು ಪ್ರಯೋಜನವಿಲ್ಲ ಎಂದು ವೈದ್ಯೆಯೇ ಹೇಳಿದರು. ನೋಟದ ಜಾಗ ಚಿಕ್ಕದಾಗುವುದರಿಂದ ಸಮಯ ಹೆಚ್ಚು ಬೇಕು, ಹಿಂದಿನ ದವಡೆಹಲ್ಲುಗಳಿಗೆ ಮೈಕ್ರೋಸ್ಕೋಪ್ ಹಿಡಿಯುವುದು ಕಷ್ಟ, ಯಂತ್ರಕ್ಕೆ ಬೆಲೆ ಜಾಸ್ತಿ.

ಕುರ್ಚಿಯಲ್ಲಿ ಎರಡು ಗಂಟೆ

ವೈದ್ಯೆ ನನಗೆ ಕೂಡಲೇ ದಿನ ಕೊಡಲಿಲ್ಲ. ಮೊದಲು ಮೂರು ತಿಂಗಳು ಹಲ್ಲುಜ್ಜುವುದನ್ನು ಹೊಸದಾಗಿ ಕಲಿತು ಬನ್ನಿ ಎಂದರು. ಮೃದು ಎಳೆಯ ಬ್ರಷ್, ಒಸಡಿನ ಕಡೆಗೆ ಓರೆಯಾಗಿ 45 ಡಿಗ್ರಿಯಲ್ಲಿ ಹಿಡಿದು, ಸಣ್ಣಗೆ ಅಲುಗಿಸಿ, ಒಸಡಿನಿಂದ ಹಲ್ಲಿನ ಕಡೆಗೆ ಇಳಿಸುವುದು. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನ ಹಾಗೆ ಹಿಡಿಯುವುದು. ಎಪ್ಪತ್ತು ದಾಟಿದವನಿಗೆ ಇದು ಆಪರೇಷನ್ನಿಗಿಂತ ಕಷ್ಟವಾಯಿತು. "ಸಾಲ ಬೆಳೆಯುತ್ತಿರುವಾಗ ಠೇವಣಿ ಇಟ್ಟರೆ ಏನು ಬಂತು?" ಎಂದು ನನ್ನ ಹೆಂಡತಿ ನನ್ನದೇ ಮಾತನ್ನು ನನಗೆ ತಿರುಗಿಸಿದಳು.

ಸಕ್ಕರೆ ಕಾಯಿಲೆಯ ಪರೀಕ್ಷೆ ಆಯಿತು. ನುಂಗುವ ಮಾತ್ರೆಗಳ ಪಟ್ಟಿ ಕೊಟ್ಟೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಚ್ಚಿಡಬಾರದು. ಬೀಡಿ, ಸಿಗರೇಟಿನವರಿಗೆ ಹೊಲಿದ ಒಸಡು ಹಿಡಿಯುವುದು ಕಡಿಮೆಯಂತೆ; ಸದ್ಯ ನನಗೆ ಆ ಚಟವಿರಲಿಲ್ಲ.

ಆ ದಿನ ಸೂಜಿಯ ಚುಚ್ಚು ಬಿಟ್ಟರೆ ನೋವಾಗಲಿಲ್ಲ. ಮುಖದ ಮೇಲೆ ಬಟ್ಟೆ ಹೊದಿಸಿದ್ದರು. ಬಟ್ಟೆ ಮುಚ್ಚುವ ಮೊದಲು ನಾನು ನೋಡಿದ್ದು ವೈದ್ಯೆಯ ಕೈ. ಮುಂಗೈಯನ್ನು ಊರಿ, ಉಪಕರಣವನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಮಧ್ಯೆ ಪೆನ್ನಿನಂತೆ ಹಿಡಿದಿದ್ದರು. ಬೆಳಿಗ್ಗೆ ಕಾಫಿಯನ್ನೂ ಕುಡಿದಿಲ್ಲ, ಕೈ ನಡುಗಬಾರದು ನೋಡಿ ಎಂದರು. ನನ್ನ ಕಾಲದಲ್ಲಿ ಲೆಡ್ಜರಿನಲ್ಲಿ ಮುತ್ತಿನಂತೆ ಅಂಕಿ ಬರೆಯುತ್ತಿದ್ದ ಹೆಡ್ ಕ್ಲರ್ಕ್ ನೆನಪಾದರು. ಗೆಳೆಯನಿಗೆ ಒಂದು ಗಂಟೆಯಲ್ಲಿ ಮುಗಿದಿತ್ತು. ನನಗೆ ಎರಡು ಗಂಟೆ ಹಿಡಿಯಿತು. ಸಾಮಾನ್ಯ ಪದ್ಧತಿಗೆ ಹೇಳಿದ್ದರ ಒಂದೂವರೆ ಪಟ್ಟು ಹಣವೂ ಆಯಿತು.

ಆಮೇಲೆ ನೋವಾದದ್ದು ಹಲ್ಲಿನ ಹತ್ತಿರವಲ್ಲ, ಚೂರು ತೆಗೆದ ಅಂಗುಳಿನಲ್ಲಿ. ನಾಲ್ಕು ದಿನ ತಣ್ಣಗಿನ ಗಂಜಿ, ಮೊಸರನ್ನ. ಎರಡು ವಾರ ಆ ಜಾಗಕ್ಕೆ ಬ್ರಷ್ ತಾಗಿಸುವಂತಿಲ್ಲ, ಔಷಧಿಯ ನೀರಿನಿಂದ ಬಾಯಿ ತೊಳೆಯಬೇಕು. ಮಂಡಕ್ಕಿ, ಮಿರ್ಚಿಯ ಹೆಸರೆತ್ತುವಂತಿಲ್ಲ. ಎಲ್ಲಕ್ಕಿಂತ ಕಟ್ಟುನಿಟ್ಟಾದ ಅಪ್ಪಣೆ ಎಂದರೆ ತುಟಿ ಎತ್ತಿ ನೋಡಬಾರದು, ಎಳೆತಕ್ಕೆ ಹೊಲಿಗೆ ಸಡಿಲವಾಗುತ್ತದೆ. ಮೊಮ್ಮಗಳು ಬೆಂಗಳೂರಿನಿಂದ ವೀಡಿಯೋ ಕರೆಯಲ್ಲಿ "ತೋರಿಸಜ್ಜ, ತೋರಿಸಜ್ಜ" ಎಂದು ಗೋಗರೆದರೂ ಬಾಯಿ ಬಿಡಲಿಲ್ಲ.

ಹದಿನಾಲ್ಕನೆಯ ದಿನ ಹೊಲಿಗೆ ಬಿಚ್ಚಿದರು. ಬಿಚ್ಚಿದ ದಾರವನ್ನು ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದರು. ಕನ್ನಡಕ ಹಾಕಿಕೊಂಡರೂ ಹುಡುಕಬೇಕಾಯಿತು.

ಕೊನೆಯ ಬಾಕಿ

ಒಂದು ವರ್ಷ ಕಳೆದ ಮೇಲೆ ಮತ್ತೆ ಅಳೆದರು. ಮೂರರಲ್ಲಿ ಎರಡೂವರೆ ಮಿಲಿಮೀಟರ್ ಮುಚ್ಚಿದೆ, ಅರ್ಧ ಉಳಿದಿದೆ. ಬರಿಗಣ್ಣಿನ ಆಪರೇಷನ್ ಮಾಡಿಸಿಕೊಂಡ ನನ್ನ ಗೆಳೆಯನಿಗೆ ಪೂರ್ತಿ ಮುಚ್ಚಿದೆ, ಮೈಕ್ರೋಸ್ಕೋಪಿನ ನನಗೆ ಅರ್ಧ ಬಾಕಿ. ಇದರಿಂದ ಹಳೆಯದೇ ಮೇಲು ಎನ್ನುವುದು ತಪ್ಪು. ಒಬ್ಬರ ಪಾಸ್‌ಬುಕ್ ನೋಡಿ ಬ್ಯಾಂಕಿನ ಲಾಭ ಹೇಳಲಾಗದು. ಆದರೆ ಮೈಕ್ರೋಸ್ಕೋಪ್ ಎಂದ ಮಾತ್ರಕ್ಕೆ ಫಲ ಖಚಿತ ಎನ್ನುವುದೂ ತಪ್ಪು. ಮಡಕೆಯ ನೀರು ಈಗ ಜುಮ್ ಎನ್ನುವುದಿಲ್ಲ. ನನಗೆ ಅಷ್ಟು ಸಾಕು.

ಈ ದಾರಿಯಲ್ಲಿ ಹೊರಡುವ ಓದುಗರು ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿ:

1. ನನ್ನ ಒಸಡು ಯಾಕೆ ಜಾರಿತು? ಆ ಕಾರಣ ಈಗ ನಿಂತಿದೆಯೇ?

2. ಹಲ್ಲುಗಳ ನಡುವಿನ ಮೂಳೆ ಸರಿಯಾಗಿದೆಯೇ? ಎಷ್ಟು ಮುಚ್ಚುವ ನಿರೀಕ್ಷೆ ಇಟ್ಟುಕೊಳ್ಳಬಹುದು?

3. ಆಪರೇಷನ್ ಇಲ್ಲದೆ ನಡೆಯುತ್ತದೆಯೇ?

4. ನೀವು ಯಾವ ಪದ್ಧತಿಯಲ್ಲಿ ಹೆಚ್ಚು ಪಳಗಿದ್ದೀರಿ?

ನಾಲ್ಕನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಹತ್ತಾರು ವರ್ಷ ಬರಿಗಣ್ಣಿನಲ್ಲಿ ಅಚ್ಚುಕಟ್ಟಾಗಿ ಹೊಲಿದ ಕೈ, ನಿನ್ನೆ ಮೈಕ್ರೋಸ್ಕೋಪ್ ಕೊಂಡ ಕೈಗಿಂತ ಮೇಲು. ಎರಡೂ ಇರುವ ಕೈ ಸಿಕ್ಕರೆ, ಖರ್ಚಿಗೂ ಅನುಕೂಲವಿದ್ದರೆ, ಸೂಕ್ಷ್ಮ ಪದ್ಧತಿ ಒಳ್ಳೆಯದೇ.

ಈ ರಜೆಯಲ್ಲಿ ಮೊಮ್ಮಗಳು ಮತ್ತೆ ಬಂದಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಬಚ್ಚಲಲ್ಲಿ ತನ್ನ ಹೊಸ ಹಲ್ಲುಗಳನ್ನು ಮುಷ್ಟಿಯಲ್ಲಿ ಬ್ರಷ್ ಹಿಡಿದು ಎಡಕ್ಕೂ ಬಲಕ್ಕೂ ಗಸಗಸ ಉಜ್ಜುತ್ತಿದ್ದಳು. ಎದೆ ಧಸಕ್ಕೆಂದಿತು. ಹೀಗೆ ಉಜ್ಜಲು ಯಾರು ಹೇಳಿಕೊಟ್ಟರು ಎಂದೆ. "ನೀನೇ ಅಲ್ವಾ ಅಜ್ಜ, ಹೀಗೇ ಮಾಡ್ತಿದ್ದೆ!" ಎಂದಳು.

ಅಂದಿನಿಂದ ನಾವಿಬ್ಬರೂ ಒಟ್ಟಿಗೆ ಹಲ್ಲುಜ್ಜುತ್ತೇವೆ. ಪೆನ್ನು ಹಿಡಿದ ಹಾಗೆ ಬ್ರಷ್ ಹಿಡಿದು, ಎರಡು ನಿಮಿಷ, ಮೆಲ್ಲಗೆ. ನಾನು ಮರೆತು ಕೈ ಬಿಗಿ ಮಾಡಿದರೆ ಅವಳು ಮೊಣಕೈಯಿಂದ ತಿವಿಯುತ್ತಾಳೆ. ಅಪ್ಪನ ಕುಟ್ಟಾಣಿ ಇನ್ನೂ ದೇವರಮನೆಯ ಕಪಾಟಿನಲ್ಲಿದೆ. ಶುಂಠಿ ಜಜ್ಜಲು ಹೆಂಡತಿ ಅದನ್ನೇ ತೆಗೆಯುತ್ತಾಳೆ. ಎಲೆ ಅಡಿಕೆ ಕುಟ್ಟುವ ಕೆಲಸ ಅದಕ್ಕೆ ಇನ್ನು ಬಾರದಿರಲಿ.